ಡಿಪೋ ಬ್ಯಾಂಡಿನ ಚಪ್ಪಾಳೆ

ಫೆಬ್ರವರಿ ೩

ತಮ್ಮನಿಗೆ,

ಮೈದುನ ಎಂದು ಬರೆಯಲು ಕೈ ಬರುವುದಿಲ್ಲ. ಈ ಮನೆಗೆ ಬಂದ ದಿನದಿಂದ ನಿನ್ನನ್ನು ತಮ್ಮ ಎಂದೇ ಕರೆದವಳು ನಾನು. ಹಾಗೆಯೇ ಓದಿಕೋ.

ನೀನು ಊರು ಬಿಟ್ಟದ್ದು ನನಗೆ ಗೊತ್ತಾದದ್ದು ಪೋಸ್ಟ್‌ಮ್ಯಾನ್ ಹೇಳಿದ ಮೇಲೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ. ಅವನು ಸೈಕಲ್ ನಿಲ್ಲಿಸಿ ನೆಲ ನೋಡುತ್ತಾ, "ಅಕ್ಕಾ, ನಿಮ್ಮ ಮೈದುನ ಮಗಳ ಊರಿನ ಬಸ್ ಹತ್ತಿದ್ರು. ಕೈಲಿ ಟ್ರಂಕು ಇತ್ತು" ಎಂದ. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಮನುಷ್ಯ, ಮಾತಾಡಿದರೆ ಮೂರು ಬೀದಿಗೆ ಕೇಳಬೇಕು. ಅವತ್ತು ಪಿಸುಗುಟ್ಟಿದ. ವಿಳಾಸವನ್ನೂ ಅವನೇ ಬರೆದುಕೊಟ್ಟ.

ನಾನು ಫೋನ್ ಯಾಕೆ ಮಾಡಲಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಬರೆಯುತ್ತೇನೆ, ಬೈದುಕೋ. ನಿನಗೆ ಕಿವಿ ಕೇಳಿಸುವುದಿಲ್ಲ. ಅದು ನಿನ್ನಣ್ಣನಿಗೆ ಮೊದಲೇ ಗೊತ್ತಿತ್ತು. ಅವರು ತೀರಿಹೋದ ಮೇಲೆ ಊರಿಗೂ ಗೊತ್ತಾಯಿತು.

ದೊಡ್ಡ ಊರಿನ ಸಭಾಂಗಣದಲ್ಲಿ ಆದದ್ದರ ಬಗ್ಗೆ ನೀನು ಒಬ್ಬನೇ ಕೂತು ಕೊರಗುತ್ತಿರುತ್ತೀಯ. ನಮ್ಮದನ್ನೂ ಕೇಳು. ನಮ್ಮ ಬ್ಯಾಂಡನ್ನು ಹೊರಗಿನವರು ಕರೆದದ್ದು ಇದೇ ಮೊದಲು ಎಂದು ಬಸ್ ಮಾಡಿಕೊಂಡು ಬಂದೆವಲ್ಲ, ಬಾಗಿಲಲ್ಲಿ ಕೋಟು ಹಾಕಿದವನೊಬ್ಬ ನಮ್ಮನ್ನು ತಡೆದು, "ಹಾಡು ಮುಗಿಯೋ ತನಕ ಯಾರೂ ಕೈ ತಟ್ಟಬಾರದು. ಇಲ್ಲಿ ಆ ಪದ್ಧತಿ ಇಲ್ಲ" ಎಂದ. ನಾವು ಹೂಂ ಎಂದೆವು. ಮೆತ್ತನೆ ಕುರ್ಚಿ, ಕಾಲ ಕೆಳಗೆ ಜಮಖಾನೆ, ಅಕ್ಕಪಕ್ಕದಲ್ಲಿ ಅತ್ತರಿನ ವಾಸನೆಯವರು. ಎರಡನೇ ಹಾಡಿನಲ್ಲಿ ನಿನ್ನ ಡ್ರಮ್ ಕ್ಷೌರದಂಗಡಿಯವನ ಕ್ಲಾರಿನೆಟ್ಟಿಗಿಂತ ಮುಂದೆ ಓಡಿತು. ನೀನು ತಲೆ ಎತ್ತಿ ನಮ್ಮ ಕೈಗಳನ್ನು ಹುಡುಕಿದೆ. ಕೈಗಳೆಲ್ಲ ತೊಡೆಯ ಮೇಲಿದ್ದವು. ನಾನು ಬೇಕರಿಯವನ ಮುಖ ನೋಡಿದೆ, ಬೇಕರಿಯವನು ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಬಾಗಿಲಲ್ಲಿದ್ದ ಕೋಟಿನವನನ್ನು ನೋಡಿದರು. ಯಾರಾದರೊಬ್ಬರು ಶುರು ಮಾಡಲಿ ಎಂದು ಎಲ್ಲರೂ ಕಾದೆವು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ನಕ್ಕಳು. ನಾನು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡೆ, ತಮ್ಮಾ. ನಾನು ನಿನ್ನ ಅತ್ತಿಗೆ ಎಂದು ಆ ಹೆಂಗಸಿಗೆ ಗೊತ್ತಾಗದಿರಲಿ ಎಂದು.

ಆಮೇಲೆ ಯಾರೂ ನಿನ್ನ ಬಾಗಿಲಿಗೆ ಬರಲಿಲ್ಲ. ಅದನ್ನು ನೀನು ಕೋಪ ಎಂದುಕೊಂಡಿರಬೇಕು. ಬರಲು ಮುಖವಿರಲಿಲ್ಲ.

ಮೇ ತಿಂಗಳಲ್ಲಿ ಎಂದಿನಂತೆ ಮರದ ಡಿಪೋದಲ್ಲಿ ನಮ್ಮೂರ ಕಾರ್ಯಕ್ರಮ. ಅಷ್ಟರೊಳಗೆ ಬಾ. ನಿನ್ನ ಕೋಟು ಒಗೆದು ಇಟ್ಟಿದ್ದೇನೆ.

ನಿನ್ನ ಅತ್ತಿಗೆ

•

ಫೆಬ್ರವರಿ ೨೧

ಅತ್ತಿಗೆಗೆ ನಮಸ್ಕಾರ.

ಇಲ್ಲಿ ಎಲ್ಲ ಚೆನ್ನಾಗಿದೆ. ಮಗಳ ಮನೆ ಮೂರನೇ ಮಹಡಿ. ನನಗೆ ಕೊಟ್ಟ ಕೋಣೆಯ ಕಿಟಕಿಯಿಂದ ಬಸ್ ರಿಪೇರಿ ಮಾಡುವ ಶೆಡ್ಡು ಕಾಣುತ್ತದೆ. ಹಗಲೆಲ್ಲ ತಗಡು ಬಡಿಯುತ್ತಾರೆ. ಮಗಳು ಅದರ ಸದ್ದಿಗೆ ಕಿಟಕಿ ಮುಚ್ಚಲು ಬರುತ್ತಾಳೆ, ನಾನು ಇರಲಿ ಬಿಡು ಎನ್ನುತ್ತೇನೆ. ಸುತ್ತಿಗೆ ಏಳುವುದು ಬೀಳುವುದು ನೋಡುತ್ತಾ ಕೂತರೆ ಹೊತ್ತು ಹೋಗುತ್ತದೆ.

ಕಿವಿಯ ವಿಚಾರ ಬರೆದಿದ್ದೀರಿ. ಸ್ವಲ್ಪ ಮಂದ, ಅಷ್ಟೇ. ಡಬ್ಬಿ ಕಾರ್ಖಾನೆಯಲ್ಲಿ ಪ್ರೆಸ್ಸಿನ ಪಕ್ಕ ಇಷ್ಟು ವರ್ಷ ನಿಂತವರಿಗೆ ಯಾರಿಗಾದರೂ ಆಗುವುದೇ. ಊರಿನವರು ಅದನ್ನು ದೊಡ್ಡದು ಮಾಡುವುದು ಬೇಡ.

ಮೇ ತಿಂಗಳಲ್ಲಿ ಬರಲು ಆಗುವುದಿಲ್ಲ. ಮಗಳ ಮನೆಯಲ್ಲಿ ಕೆಲಸವಿದೆ. ಡ್ರಮ್ಮನ್ನು ಬೇಕರಿಯವರ ಸೊಸೆಗೆ ಕೊಟ್ಟುಬಿಡಿ. ತವರಿನಲ್ಲಿ ಬಾರಿಸುತ್ತಿದ್ದಳಂತೆ, ಹಿಟ್ಟು ನಾದಿ ನಾದಿ ಮಣಿಕಟ್ಟು ಗಟ್ಟಿಯಾಗಿದೆ. ಮನೆಯ ಇನ್ನೊಂದು ಬೀಗದ ಕೈ ನಿಮ್ಮ ಹತ್ತಿರವೇ ಇದೆ.

ಒಂದು ಮಾತು ಕೇಳಬೇಕು. ವಾಪಸು ಬರುವಾಗ ಬಸ್ಸಿನ ದೀಪದಲ್ಲಿ ಕ್ಷೌರದಂಗಡಿಯವನ ಬಾಯಿ ನನಗೆ ಕಾಣುತ್ತಿತ್ತು. ಅವನ ಕನ್ನಡಿಯ ಮುಂದೆ ಕೂತು ಕೂತು ಅವನ ತುಟಿ ಓದುವುದು ನನಗೆ ಅಭ್ಯಾಸ. ಪೋಸ್ಟ್‌ಮ್ಯಾನ್‌ಗೆ ಹೇಳುತ್ತಿದ್ದ, "ನಮ್ಮೂರಲ್ಲಿ ತಟ್ಟೋ ಹಾಗೆ ತಟ್ಟಿದ್ರೆ ಇವನು ಬೀಳ್ತಿರಲಿಲ್ಲ."

ಅಣ್ಣ ಹೋದ ಮೇಲೆ ಡಿಪೋದಲ್ಲಿ ವರ್ಷ ವರ್ಷವೂ ತಟ್ಟಿದರಲ್ಲ, ಅದೆಲ್ಲ ಅದಕ್ಕೇನಾ?

ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಮಗಳು ನಿಮಗೆ ನಮಸ್ಕಾರ ಹೇಳಿದ್ದಾಳೆ.

•

ಮಾರ್ಚ್ ೭

ತಮ್ಮನಿಗೆ,

ಹೌದು.

ಒಂದೇ ಮಾತು ಬರೆದರೆ ಸಾಕು ಎಂದೆ ನೀನು. ಬರೆದು ಕಾಗದ ಮಡಚಿದೆ. ಆಮೇಲೆ ಬಿಚ್ಚಿದೆ. ಅಷ್ಟನ್ನೇ ಕಳಿಸಿದರೆ ಪಾಪ ಬರುತ್ತದೆ.

ನಿನ್ನಣ್ಣ ಹೋದ ಮೇಲಿನ ಮೊದಲ ಕಾರ್ಯಕ್ರಮ ನೆನಪಿದೆಯಲ್ಲ. ಅವರ ಅಕಾರ್ಡಿಯನ್ ಇಲ್ಲದೆ ವೇದಿಕೆಯ ಬಲಗಡೆ ಖಾಲಿ ಬಿಟ್ಟಿದ್ದರು. ಮೂರನೇ ಹಾಡಿಗೆ ನೀನು ದಾರಿ ತಪ್ಪಿದೆ. ಕ್ಲಾರಿನೆಟ್ ನಿನ್ನ ಹಿಂದೆ ಓಡಿತು, ಟ್ರಂಪೆಟ್ ನಿಂತೇಬಿಟ್ಟಿತು. ಆಗ ಜನರ ಮಧ್ಯದಿಂದ ಯಾರೋ ಸರಿಯಾದ ತಾಳಕ್ಕೆ ಕೈ ತಟ್ಟಿದರು. ಯಾರು ಎಂದು ಇವತ್ತಿಗೂ ಯಾರೂ ಒಪ್ಪಿಕೊಳ್ಳುವುದಿಲ್ಲ. ಪಕ್ಕದವರು ತಟ್ಟಿದರು, ಅವರ ಪಕ್ಕದವರು ತಟ್ಟಿದರು. ನೀನು ಕತ್ತೆತ್ತಿ ನೋಡಿದೆ, ಹಳಿ ಸಿಕ್ಕಿದ ರೈಲಿನ ಹಾಗೆ ಸರಿಹೋದೆ. ನಾವೆಲ್ಲ ಉಸಿರು ಬಿಟ್ಟೆವು.

ಯಾರೂ ಸಭೆ ಸೇರಲಿಲ್ಲ, ಹೀಗೆ ಮಾಡೋಣ ಎಂದು ಯಾರೂ ಹೇಳಲಿಲ್ಲ. ಆದರೆ ಮುಂದಿನ ವರ್ಷ ಮಿಲ್ಲಿನವರು ಅಂಗೈ ಅಗಲವಿದ್ದ ಹಮಾಲರನ್ನು ಮುಂದಿನ ಸಾಲಿಗೆ ಕೂರಿಸಿದರು. ಸಂಜೆ ಬೆಳಕಿನಲ್ಲಿ ಕೈ ಕಾಣಲಿ ಎಂದು ಮೇಷ್ಟ್ರು ಎಲ್ಲರಿಗೂ ಬಿಳಿ ತೋಳಿನ ಅಂಗಿ ಹಾಕಿಕೊಂಡು ಬನ್ನಿ ಎಂದರು. ಹಿಂದಿನ ದಿನ ನನ್ನ ಅಂಗಡಿಯಲ್ಲಿ ಬಿಳಿ ಅಂಗಿಗಳ ರಾಶಿ. ನೀನು ಬಂದು ನೋಡಿ, "ಏನತ್ತಿಗೆ, ಊರಿಗೆ ಊರೇ ಮದುವೆ ಆಗ್ತಿದೆಯಾ?" ಎಂದು ನಕ್ಕೆ. ನಾನೂ ನಕ್ಕೆ. ಪೆಟ್ಟಿಗೆ ಒಂದು ಕಡೆಯೇ ನಿಂತು ಒಂದು ಕಾಲರ್ ಕಂದಿತು.

ನಿನ್ನಣ್ಣ ಇದ್ದಾಗ ಒಮ್ಮೆ ಕಾರ್ಯಕ್ರಮದ ನಡುವೆ ಕರೆಂಟ್ ಹೋಗಿತ್ತಲ್ಲ. ಮಿಲ್ಲಿನ ಲಾರಿಯವನು ಲಾರಿ ತಂದು ವೇದಿಕೆಗೆ ದೀಪ ಬಿಟ್ಟ. ಹಾಡೆಲ್ಲ ಮುಗಿಯುವಷ್ಟರಲ್ಲಿ ಬ್ಯಾಟರಿ ಸತ್ತು ಲಾರಿ ಕದಲಲಿಲ್ಲ. ಕೇಳಲು ಬಂದವರೆಲ್ಲ ಅದನ್ನು ಮಿಲ್ಲಿನ ತನಕ ತಳ್ಳಿಕೊಂಡು ಹೋದರು, ನೀನು ಹಿಂದೆ ಡ್ರಮ್ ಬಾರಿಸಿಕೊಂಡು ಹೋದೆ. ಮನೆಗೆ ಬಂದು ನಿನ್ನಣ್ಣ ಹೇಳಿದರು, "ನಾವು ಊರನ್ನ ಕುಣಿಸ್ತೀವಿ ಅಂದ್ಕೊಂಡಿದ್ದೆ ಕಣೇ. ಊರೇ ನಮ್ಮನ್ನ ತಳ್ಕೊಂಡು ಹೋಗ್ತಾ ಇದೆ." ಅವರಿಗೆ ಅದರಿಂದ ನಾಚಿಕೆಯೇನೂ ಆಗಲಿಲ್ಲ. ಹೊಟ್ಟೆ ತುಂಬಾ ಊಟ ಮಾಡಿದರು.

ಕ್ಷೌರದಂಗಡಿಯವನು ನಿನ್ನೆ ಕೋಟು ಇಸ್ತ್ರಿಗೆ ಕೊಡಲು ಬಂದವನು, ಬಸ್ಸಿನಲ್ಲಿ ಆಡಿದ ಮಾತು ನಿನಗೆ ಗೊತ್ತಾಯಿತೆಂದು ನಾನು ಹೇಳಿದ ಮೇಲೆ ಹೋಗದೆ ಸ್ಟೂಲಿನ ಮೇಲೆ ಕೂತ.

"ಏನಯ್ಯಾ, ಇನ್ನೂ ಏನಿದೆ?" ಎಂದೆ.

"ಅಕ್ಕಾ, ಊರವರ ಗಂಟಲಿಗೆಲ್ಲ ಕತ್ತಿ ಇಟ್ಟೋನು ನಾನು. ಒಬ್ಬನಿಗೂ ಗಾಯ ಮಾಡಿಲ್ಲ. ನಾಲಿಗೇಲಿ ಮಾಡ್ಬಿಟ್ಟೆ."

"ನನಗ್ಯಾಕೆ ಹೇಳ್ತೀಯ? ಅವನಿಗೆ ಬರಿ."

"ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ. ನೀವೇ ಒಂದು ಸಾಲು ಸೇರಿಸಿಬಿಡಿ."

ಸೇರಿಸಿದ್ದೇನೆ. ನಿನ್ನ ಡ್ರಮ್ಮಿಗೆ ಬಟ್ಟೆ ಹೊದಿಸಿ ಇಟ್ಟಿದ್ದೇನೆ, ಯಾರಿಗೂ ಕೊಟ್ಟಿಲ್ಲ.

ನಿನ್ನ ಅತ್ತಿಗೆ

•

ಮಾರ್ಚ್ ೨೯

ಅತ್ತಿಗೆಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಮೆಟ್ಟಿಲ ಮೇಲೆ ಕೂತು ಓದಿದೆ, ಮನೆಯೊಳಗೆ ಓದಿದರೆ ಮಗಳು ಮುಖ ನೋಡುತ್ತಾಳೆ. ಮೇಲಿನ ಮನೆಯವರು ಇಳಿದು ಬಂದು, ದಾರಿ ಬಿಡದೆ ಕೂತಿದ್ದೇನೆಂದು ನನ್ನ ಭುಜ ತಟ್ಟಿದರು. ಎಷ್ಟು ಹೊತ್ತಿನಿಂದ ಹಿಂದೆ ನಿಂತು ದಾರಿ ಕೇಳುತ್ತಿದ್ದರೋ.

ಬಿಳಿ ಅಂಗಿಗಳು ಅದಕ್ಕೆಂದು ನನಗೆ ಹೊಳೆಯಲೇ ಇಲ್ಲ. ಬ್ಯಾಂಡಿನ ಮರ್ಯಾದೆಗೆ ಹಾಕಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಬೀದಿಯಲ್ಲಿ ಜನ ನನ್ನನ್ನು ಹಿಂದಿನಿಂದ ಕರೆಯುವುದು ಬಿಟ್ಟು, ಸುತ್ತಿ ಎದುರಿಗೆ ಬಂದು ನಿಂತು ಮಾತಾಡಿಸುತ್ತಿದ್ದರು. ಅಣ್ಣನ ಜಾಗಕ್ಕೆ ಬಂದೆನಲ್ಲ, ಗೌರವ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ. ಕ್ಷೌರದಂಗಡಿಯವನು ನಿಧಾನವಾಗಿ, ಬಾಯಿ ದೊಡ್ಡದಾಗಿ ತೆಗೆದು ಮಾತಾಡುತ್ತಿದ್ದುದನ್ನು ಅವನಿಗೆ ವಯಸ್ಸಾಯಿತು ಎಂದುಕೊಂಡಿದ್ದೆ. ನನ್ನ ತಾಳಕ್ಕೆ ಅವರು ತಟ್ಟುತ್ತಿದ್ದಾರೆ ಎಂದುಕೊಂಡೆ. ಅವರ ತಾಳಕ್ಕೆ ನಾನು ಬಾರಿಸುತ್ತಿದ್ದೆ.

ಇದೆಲ್ಲ ಹೋಗಲಿ, ಬಿದ್ದವನಿಗೆ ಮೈಯ ಧೂಳು ಎಷ್ಟಾದರೇನು. ನನಗೆ ನಿದ್ದೆ ಬಾರದಿರುವುದು ಬೇರೆ ಮಾತಿಗೆ. ನಿಮಗೂ ನೆನಪಿರುತ್ತದೆ. ನೀವು ನಿಮ್ಮ ಕಾಗದಗಳಲ್ಲಿ ಅದನ್ನು ಎತ್ತಲಿಲ್ಲ, ಅದೇ ನನ್ನನ್ನು ಹೆಚ್ಚು ಸುಡುತ್ತಿದೆ.

ಅಣ್ಣ ಅಕಾರ್ಡಿಯನ್ ನುಡಿಸುತ್ತಾ ಹಿಮ್ಮಡಿಯನ್ನು ಹಲಗೆಗೆ ಬಡಿಯುತ್ತಿದ್ದ. ಆ ಹಲಗೆಯ ಮೇಲೆಯೇ ನನ್ನ ಸ್ಟೂಲು. ಅವನ ಕಾಲಿನ ಬಡಿತ ನನ್ನ ಬೆನ್ನುಮೂಳೆಗೆ ಬರುತ್ತಿತ್ತು. ಅದು ಬಂದರೆ ಸಾಕು, ನನಗೆ ಕಿವಿಯೇ ಬೇಕಿರಲಿಲ್ಲ. ಅವನು ಬಡಗಿ, ವೇದಿಕೆಯ ಹಲಗೆ ಅವನೇ ಜೋಡಿಸುತ್ತಿದ್ದ, ಯಾವುದು ಸದ್ದನ್ನು ಹೊರುತ್ತದೆ ಎಂದು ಬಡಿದು ನೋಡಿ ಆರಿಸುತ್ತಿದ್ದ. ನಾವಿಬ್ಬರೂ ಒಂದು ದಿನವೂ ಆ ಬಗ್ಗೆ ಮಾತಾಡಲಿಲ್ಲ. ಬದಲಿಗೆ ಜನ ನಗುವಾಗ ನಾನೂ ಸೇರಿಕೊಂಡು, "ನಮ್ಮಣ್ಣನಿಗೆ ಲಾಳ ಹೊಡೆಸಬೇಕು" ಎನ್ನುತ್ತಿದ್ದೆ. ಅವನು ನಗುತ್ತಿದ್ದ.

ಅವನು ಹೋದ ಎರಡನೇ ವರ್ಷ, ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಅಂಗಡಿಗೆ ಬಂದೆ. ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನೀವು ಬ್ಯಾಂಡಿನ ಕೋಟುಗಳನ್ನು ಮಡಚುತ್ತಿದ್ದಿರಿ. ನಾನು ನಿಮ್ಮ ಎದುರಿಗೆ ನಿಂತು, "ಅಣ್ಣನ ಕಾಲದಲ್ಲಿ ಇಷ್ಟು ಚಪ್ಪಾಳೆ ಇತ್ತಾ ಅತ್ತಿಗೆ?" ಎಂದು ಕೇಳಿದೆ.

ಆ ಮಾತನ್ನು ಅವನ ಹೆಂಡತಿಗೆ ಹೇಳಿದೆ.

ನೀವು ನನ್ನ ಕಡೆ ತಿರುಗಿ, ನನಗೆ ಕಾಣುವ ಹಾಗೆ, "ಇಲ್ಲ ತಮ್ಮಾ, ಇಷ್ಟು ಇರಲಿಲ್ಲ" ಎಂದಿರಿ. ಈಗ ಗೊತ್ತಾಗುತ್ತದೆ, ನೀವು ಸುಳ್ಳು ಹೇಳಲಿಲ್ಲ. ಅವನ ಕಾಲದಲ್ಲಿ ಅಷ್ಟು ಚಪ್ಪಾಳೆ ಬೇಕಿರಲಿಲ್ಲ.

ಅವನು ಹೋದ ದುಃಖ ಇದ್ದುದು ನಿಜ. ಅದರ ಒಳಗೇ ನಾನು ಅವನಿಗಿಂತ ಮೇಲಾದೆ ಎಂಬ ಸಂತೋಷವೂ ಇತ್ತು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಊರಿನವರ ಮುಂದೆ ಬರಲು ನಾಚಿಕೆ. ನಿಮ್ಮ ಮುಂದೆ ಬರಲು ಅದಕ್ಕೂ ಹೆಚ್ಚು.

ದಯವಿಟ್ಟು ಡ್ರಮ್ಮನ್ನು ಬೇಕರಿ ಸೊಸೆಗೆ ಕೊಡಿ. ಕ್ಷೌರದಂಗಡಿಯವನಿಗೆ ಗಾಯವೇನೂ ಆಗಿಲ್ಲ ಎಂದು ಹೇಳಿ. ಸ್ವಲ್ಪ ದಿನ ಕಾಗದ ಬರೆಯಬೇಡಿ.

•

ಏಪ್ರಿಲ್ ೧೨

ತಮ್ಮನಿಗೆ,

ಬರೆಯಬೇಡಿ ಎಂದೆ ನೀನು. ಇದೊಂದು ಬರೆದು ಸುಮ್ಮನಿರುತ್ತೇನೆ.

ನೀನು ಹೇಳಿದ ಆ ಮಾತು ನನಗೆ ನೋವಾಯಿತು. ಆಗಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಅವತ್ತು ನೀನು ಹೋದ ಮೇಲೆ ನಿನ್ನಣ್ಣನ ಕೋಟನ್ನು ಮತ್ತೆ ಬಿಚ್ಚಿ ಇಸ್ತ್ರಿ ಮಾಡಿದೆ, ಅದಕ್ಕೆ ಸುಕ್ಕೇ ಇರಲಿಲ್ಲ. ಮುಂದಿನ ವರ್ಷ ತಟ್ಟಬಾರದು ಎಂದುಕೊಂಡೆ. ಮುಂದಿನ ವರ್ಷ ಬಂತು, ನೀನು ತಲೆ ಎತ್ತಿ ಹುಡುಕಿದೆ, ಕೈ ತಾನೇ ಎದ್ದಿತು. ಅಷ್ಟೇ ವಿಷಯ. ಅದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ.

ಡ್ರಮ್ಮನ್ನು ಬೇಕರಿ ಸೊಸೆಗೆ ಕೊಟ್ಟೆ. ಕೈಗಾಡಿಯಲ್ಲಿ ಬ್ರೆಡ್ಡಿನ ಟ್ರೇಗಳ ನಡುವೆ ಇಟ್ಟುಕೊಂಡು ಹೋದಳು. "ಮಾವ ಬರೋವರೆಗೆ ಮಾತ್ರ, ಅತ್ತೆ. ಇದು ಸಾಲ" ಎಂದಳು. ಅವಳತ್ತೆ ಹಿಂದಿನಿಂದ, "ಹಿಟ್ಟು ಹುಳಿ ಬರ್ತಿದೆ, ಇವಳಿಗೆ ಡ್ರಮ್ಮಂತೆ" ಎಂದು ಗೊಣಗುತ್ತಿದ್ದಳು. ಸಂಜೆ ನೋಡಿದರೆ ಅದೇ ಅತ್ತೆ ಡಿಪೋದಲ್ಲಿ ಅಭ್ಯಾಸ ನೋಡುತ್ತಾ ಕೂತಿದ್ದಾಳೆ.

ಹುಡುಗಿ ಚೆನ್ನಾಗಿ ಬಾರಿಸುತ್ತಾಳೆ. ಆದರೆ ಒಂದು ವಿಚಿತ್ರ ನಡೆಯುತ್ತಿದೆ. ಅಭ್ಯಾಸಕ್ಕೆ ಎಂದಿನಂತೆ ಜನ ಬರುತ್ತಾರೆ, ಮರದ ದಿಮ್ಮಿಗಳ ಮೇಲೆ ಕೂರುತ್ತಾರೆ. ಹಾಡು ಮುಗಿದರೂ ಯಾರೂ ಕೈ ತಟ್ಟುವುದಿಲ್ಲ. ಒಬ್ಬ ಹಮಾಲ ತಟ್ಟಲು ಹೋಗಿ, ನಡುವೆಯೇ ಕೈ ಒರೆಸಿಕೊಂಡು ಸುಮ್ಮನಾದ. ಬಿಳಿ ಅಂಗಿ ಇಸ್ತ್ರಿಗೆ ಒಂದೂ ಬಂದಿಲ್ಲ. ಈ ಸಲ ಕಾರ್ಯಕ್ರಮವೇ ಬೇಡವೆಂದು ಪೋಸ್ಟ್‌ಮ್ಯಾನ್ ಹೇಳುತ್ತಿದ್ದಾನೆ. ಯಾರ ಮೇಲೂ ಯಾರಿಗೂ ಕೋಪವಿಲ್ಲ. ಎಲ್ಲರಿಗೂ ತಮ್ಮ ಕೈಗಳನ್ನು ಎಲ್ಲಿಡಬೇಕು ಎಂದು ತಿಳಿಯುತ್ತಿಲ್ಲ.

ನೀನು ಬಾ ಎಂದು ಮತ್ತೆ ಕರೆಯುವುದಿಲ್ಲ. ಸುದ್ದಿ ತಿಳಿಸಿದೆ.

ನಿನ್ನ ಅತ್ತಿಗೆ

•

ಮೇ ೧೫

ತಮ್ಮನಿಗೆ,

ನೀನು ಬಂದಿದ್ದೆ. ಮಗಳ ಹತ್ತಿರ ಎಲ್ಲಿಗೆ ಹೋಗುತ್ತೇನೆಂದು ಹೇಳಿ ಬಂದೆಯೋ ಗೊತ್ತಿಲ್ಲ. ನಾನಲ್ಲ ಎನ್ನಬೇಡ, ಊರೆಲ್ಲ ನೋಡಿದೆ.

ನೀನು ಯಾವ ಬಸ್ಸಿಗೆ ಬಂದು ಎಷ್ಟು ಹೊತ್ತಿನಿಂದ ದಿಮ್ಮಿಗಳ ಹಿಂದೆ ನಿಂತಿದ್ದೆಯೋ ನನಗೆ ತಿಳಿಯದು. ಆದರೆ ನೀನು ಏನನ್ನು ನೋಡಿ ಓಡಿದೆ ಎಂದು ಊಹಿಸಬಲ್ಲೆ. ನೋಡಿದ್ದು ಅರ್ಧ. ಉಳಿದರ್ಧ ಹೇಳುತ್ತೇನೆ, ಕೂತುಕೊಂಡು ಓದು.

ಶಾಲೆಯ ಬೆಂಚುಗಳು ಬಂದಿದ್ದವು, ಬೇಕರಿಯಿಂದ ಎಂದಿನಂತೆ ಕರೆಂಟು ಎಳೆದಿದ್ದರು, ಜನವೂ ತುಂಬಿದ್ದರು. ಬಿಳಿ ಅಂಗಿಯವರು ಒಬ್ಬರೂ ಇರಲಿಲ್ಲ. ಮೊದಲ ಹಾಡು ಮುಗಿದಾಗ ಅಲ್ಲೊಂದು ಇಲ್ಲೊಂದು ತಟ್ಟಿದ ಸದ್ದು, ಮರದಿಂದ ಒಣಗಿದ ಕಾಯಿ ಬಿದ್ದ ಹಾಗೆ. ಎರಡನೆಯದಕ್ಕೆ ಅದೂ ಇಲ್ಲ. ಬೇಕರಿ ಸೊಸೆ ತಲೆ ತಗ್ಗಿಸಿ ಬಾರಿಸುತ್ತಿದ್ದಳು, ತಾನೇನೋ ತಪ್ಪು ಮಾಡುತ್ತಿದ್ದೇನೆ ಎಂಬ ಮುಖ ಮಾಡಿಕೊಂಡು. ಕ್ಷೌರದಂಗಡಿಯವನು ಪೋಸ್ಟ್‌ಮ್ಯಾನ್‌ಗೆ ಇನ್ನೊಂದು ಬಾರಿಸಿ ಮುಗಿಸೋಣ ಎಂದು ಸನ್ನೆ ಮಾಡಿದ. ನಾನು ಮುಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದೆ. ಆ ಸಭಾಂಗಣವನ್ನೇ ನಮ್ಮೂರಿಗೆ ಹೊತ್ತು ತಂದುಬಿಟ್ಟೆವಲ್ಲ ಎನಿಸಿತು.

ಮೂರನೇ ಹಾಡಿಗೆ ಹಿಂದಿನಿಂದ ಚಪ್ಪಾಳೆ ಬಂತು. ಒಬ್ಬನದೇ. ಹಾಡು ಒಂದು ಕಡೆ, ಚಪ್ಪಾಳೆ ಇನ್ನೊಂದು ಕಡೆ. ತಿರುಗುವ ಮೊದಲೇ ನನಗೆ ಗೊತ್ತಾಯಿತು. ಅಷ್ಟು ಜೋರಾಗಿ, ಅಷ್ಟು ತಪ್ಪಾಗಿ ತಟ್ಟುವವರು ನಮ್ಮೂರಲ್ಲಿ ಇನ್ಯಾರಿದ್ದಾರೆ? ಸಭೆಯೆಲ್ಲ ತಿರುಗಿತು. ಯಾರೋ ನಕ್ಕರು, ಹೌದು. ಹುಡುಗಿ ಕೋಲು ನಿಲ್ಲಿಸಿ ಮೈಕಿಗೆ ಬಾಗಿ ಏನೋ ಕೂಗಿದಳು. ನೀನು ಕಂಡದ್ದು ಇಷ್ಟು: ತಿರುಗಿದ ಮುಖಗಳು, ತೆರೆದ ಬಾಯಿಗಳು, ನಿಂತುಹೋದ ಬ್ಯಾಂಡು. ಮತ್ತೆ ಎಲ್ಲ ಕೆಡಿಸಿದೆ ಎಂದುಕೊಂಡು ಗೇಟು ದಾಟಿದೆ.

ಅವಳು ಕೂಗಿದ್ದು ಹೀಗೆ: "ಮಾವ, ನಿಮ್ಮದು ಓಡ್ತಾ ಇದೆ! ಅಲ್ಲೇ ಇರಿ, ನಾನೇ ಬರ್ತೀನಿ!"

ಹೇಳಿದವಳೇ ನೀನು ತಟ್ಟುತ್ತಿದ್ದ ವೇಗಕ್ಕೆ ಬಾರಿಸಲು ಶುರು ಮಾಡಿದಳು. ಕ್ಷೌರದಂಗಡಿಯವನು ಕಣ್ಣು ಕಣ್ಣು ಬಿಟ್ಟ. ಮೆಲ್ಲಗೆ ಸಾಗಬೇಕಾದ ಹಾಡು, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ನಾನು ಎದ್ದು ನಿಂತು ತಟ್ಟಿದೆ. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ನನ್ನ ಹಿಂದೆ ಎಲ್ಲರೂ ಎದ್ದರು. ನೀನು ಬಿಟ್ಟುಹೋದ ತಾಳವನ್ನೇ ಹಿಡಿದು ಹಾಡು ಮುಗಿಯುವ ತನಕ ತಟ್ಟಿದೆವು. ಮುಗಿದಾಗ ಕ್ಷೌರದಂಗಡಿಯವನು ವೇದಿಕೆಯ ಮೇಲೇ ಕೂತು, "ಇನ್ನೊಂದು ಸಲ ಹೀಗೆ ಮಾಡಿದ್ರೆ ನನ್ನ ಹಲ್ಲು ಕ್ಲಾರಿನೆಟ್ ಒಳಗೇ ಇರುತ್ತೆ" ಎಂದ. ಎಷ್ಟೋ ತಿಂಗಳ ಮೇಲೆ ನಮ್ಮೂರು ನಕ್ಕಿತು. ನೀನು ನೋಡಿದ್ದರೂ ಬೈಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆಯೇನೋ.

ಪೋಸ್ಟ್‌ಮ್ಯಾನ್ ಟ್ರಂಪೆಟ್ ಹಿಡಿದುಕೊಂಡೇ ನಿನ್ನ ಹಿಂದೆ ಓಡಿದ್ದ. ಬಸ್ ನಿಲ್ದಾಣದ ತನಕ "ಅಣ್ಣಾ, ಅಣ್ಣಾ" ಎಂದು ಕೂಗುತ್ತಾ ಹೋದನಂತೆ. ನೀನು ತಿರುಗದೆ ಬಸ್ ಹತ್ತಿದೆ. ವಾಪಸು ಬಂದು ನನ್ನ ಮುಂದೆ ನಿಂತು, "ಇಷ್ಟು ಕರೆದರೂ ತಿರುಗಿ ನೋಡ್ಲಿಲ್ಲ ಅಕ್ಕಾ, ಅಷ್ಟು ಕೋಪನಾ" ಎಂದ. ಹೇಳುತ್ತಿದ್ದಂತೆ ಅವನ ಮುಖ ಬಿದ್ದುಹೋಯಿತು. "ಹಿಂದಿನಿಂದ ಕೂಗ್ಬಿಟ್ಟೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಎಲ್ಲರೂ ಎದುರಿಗೆ ಬಂದು ಮಾತಾಡಿಸಿದವರೇ. ಆದರೆ ನಿನಗೆ ಕೇಳಿಸುವುದಿಲ್ಲ ಎಂದು ನೀನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಬೇಕಾದಾಗ ಮರೆತೇಹೋಯಿತು.

ಇನ್ನು ನಿನಗೆ ಬಿಟ್ಟದ್ದು.

ನಿನ್ನ ಅತ್ತಿಗೆ

•

ಮೇ ೨೬

ಅತ್ತಿಗೆಗೆ,

ನಿಮ್ಮ ಕಾಗದವನ್ನು ಮಗಳಿಗೆ ಕೊಟ್ಟೆ. ಹಳೆಯವನ್ನೂ ಕೊಟ್ಟೆ. ಅವಳು ಓದಿ ಮುಗಿಸುವ ತನಕ ಎದುರಿಗೆ ಕೂತಿದ್ದೆ. ಅಣ್ಣನ ಬಗ್ಗೆ ನಾನು ಆಡಿದ ಮಾತನ್ನೂ ಅವಳಿಗೆ ಹೇಳಿದೆ. ಕಾಗದಗಳನ್ನು ಮಡಚಿಟ್ಟಳು. ಆಮೇಲೆ ನನ್ನ ಟ್ರಂಕು ಕೆಳಗಿಳಿಸಿ ಒರೆಸಿದಳು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಾಚಿಕೆ ಹೋಗಿದೆ ಎಂದು ತಿಳಿಯಬೇಡಿ. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ನೇರವಾಗಿ ನಿಮ್ಮ ಅಂಗಡಿಗೆ ಬರುತ್ತೇನೆ, ನಿಮ್ಮ ಮುಂದೆ ನಿಂತು ಹೇಳಬೇಕಾದದ್ದು ಒಂದಿದೆ, ಕಾಗದದಲ್ಲಿ ಅದು ಮುಗಿಯಲಿಲ್ಲ. ಬೈದರೆ ಬೈಯಿರಿ. ನನಗೆ ಕಾಣುವ ಹಾಗೆ ಬೈಯಿರಿ.

ಡ್ರಮ್ ಬೇಕರಿ ಸೊಸೆಯದೇ. ಸಾಲವಲ್ಲ ಎಂದು ಹೇಳಿ. ಮುಂದಿನ ವರ್ಷ ಹಲಗೆ ಜೋಡಿಸುವ ಕೆಲಸ ಬೇಕಾದರೆ ನನಗೆ ಕೊಡಲಿ, ಅಣ್ಣ ಮಾಡುವುದನ್ನು ನೋಡಿದ್ದೇನೆ. ಹಾಡು ಶುರುವಾದ ಮೇಲೆ ಜನರ ನಡುವೆ ಕೂರುತ್ತೇನೆ.

ಪೋಸ್ಟ್‌ಮ್ಯಾನ್ ಬಸ್ ನಿಲ್ದಾಣಕ್ಕೆ ಬರುತ್ತಾನೆ, ಬೇಡವೆಂದರೂ ಬರುತ್ತಾನೆ. ಅವನಿಗೂ, ಅವನ ಜೊತೆ ಬರುವ ಎಲ್ಲರಿಗೂ ನಾನು ಹೇಳಿದೆನೆಂದು ಹೇಳಿ. ಬಸ್ಸಿಳಿಯುವಾಗ ಹಿಂದಿನಿಂದ ಕರೆಯಬೇಡಿ. ನನಗೆ ಕೇಳಿಸುವುದಿಲ್ಲ.

ನಿಮ್ಮ ತಮ್ಮ